ಹದಿನೇಳನೆಯ ಫೈಲಿನ ಕೂಗು

ನನ್ನ ಹೆಡ್‌ಫೋನಿನ ಬಲಗಿವಿ ಸತ್ತು ಇವತ್ತಿಗೆ ಮೂರು ದಿನ. ಎಡಗಿವಿ ಇನ್ನೂ ಉಸಿರಾಡುತ್ತಿದೆ. ಆದರೆ ಅದರ ತಂತಿಯನ್ನು ಒಂದೇ ಕಡೆಗೆ ಮಡಚಿ, ಮಡಚಿದ ಜಾಗದ ಮೇಲೆ ನಿಘಂಟು ಹೇರಿ, ಕತ್ತು ಅಲ್ಲಾಡಿಸದೆ ಕೂತರೆ ಮಾತ್ರ. ಹೀಗಾಗಿ ಮೂರು ದಿನದಿಂದ ಪಾಸ್‌ಪೋರ್ಟ್ ಫೋಟೋಕ್ಕೆ ಕೂತವಳ ಹಾಗೆ ಕೂತು ಕೆಲಸ ಮಾಡುತ್ತಿದ್ದೇನೆ. ಸಾಗರದ ಪೇಟೆಯಲ್ಲಿ ಹೆಡ್‌ಫೋನಿಗೇನು ಬರವಿಲ್ಲ. ಆದರೆ ಎದ್ದು, ಚಪ್ಪಲಿ ಮೆಟ್ಟಿ, ಅಂಗಡಿಯವನ ಹತ್ತಿರ ಗ್ಯಾರಂಟಿ ಎಷ್ಟು ದಿನ, ಅಷ್ಟೇ ಯಾಕೆ ಎಂದು ವಾದಿಸಿ ತರಬೇಕಲ್ಲ, ಆ ವಾದಕ್ಕೆ ಮೈಯಲ್ಲಿ ತ್ರಾಣವಿಲ್ಲ. ವಾದಕ್ಕೆ ತ್ರಾಣವಿಲ್ಲ ಎಂದು ನಾನು ಹೇಳಿದ್ದನ್ನು ಮನೆಯಲ್ಲಿ ಅಪ್ಪ, ಅಮ್ಮ ಕೇಳಿಸಿಕೊಂಡರೆ ಡಾಕ್ಟರನ್ನೇ ಕರೆಸುತ್ತಾರೆ.

ನನ್ನ ಕೆಲಸ ಏನೆಂದು ಹೇಳುವುದು ಸ್ವಲ್ಪ ಕಷ್ಟ. ನಮ್ಮಪ್ಪನಿಗೆ ಎರಡು ವರ್ಷದಿಂದ ವಿವರಿಸುತ್ತಿದ್ದೇನೆ. ಈಗಲೂ ಯಾರಾದರೂ ಕೇಳಿದರೆ ಅವನು "ಕಂಪ್ಯೂಟ್ರಲ್ಲಿ ಎಂತದೋ ಕೇಳ್ತಾ ಕೂತಿರ್ತಾಳೆ" ಎನ್ನುತ್ತಾನೆ. ಯೋಚಿಸಿದರೆ ಅಷ್ಟೇ. ಕೆರಿಬಿಯನ್ ದ್ವೀಪಗಳಿಂದ ಹರೆಯದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದು, ಅಲ್ಲೇ ಮುದುಕರಾದವರನ್ನು ಯಾರೋ ಕೂರಿಸಿ ಮಾತಾಡಿಸಿದ್ದಾರೆ. ಕೇಳುವ ಪ್ರಶ್ನೆ ಒಂದೇ: ಬರುವ ಮೊದಲು ನಿಮ್ಮ ಊರು, ನಿಮ್ಮ ಜನ ಹೇಗಿದ್ದರು? ಆ ಮಾತುಗಳನ್ನು ಯಂತ್ರವೊಂದು ಅಕ್ಷರಕ್ಕಿಳಿಸುತ್ತದೆ. ಆದರೆ ದ್ವೀಪದವರ ಇಂಗ್ಲಿಷು ಇಂಗ್ಲಿಷ್ ಯಂತ್ರಕ್ಕೆ ತಿಳಿಯುವುದಿಲ್ಲವಾದ್ದರಿಂದ ಸಾಗರದ ಹುಡುಗಿಯೊಬ್ಬಳು ಕೂತು ಕೇಳಿ ತಿದ್ದಬೇಕು. ನಮ್ಮಪ್ಪನ ಪಾಲಿಗೆ ವೆಸ್ಟ್ ಇಂಡೀಸ್ ಎಂದರೆ ಆರೂವರೆ ಅಡಿ ಎತ್ತರದ ಬೌಲರುಗಳು ಮರದಲ್ಲಿ ಬಿಡುವ ಜಾಗ. ಅಲ್ಲಿ ಅಜ್ಜಿಯರೂ ಇದ್ದರು, ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದರು ಎಂದು ನಾನು ಹೇಳಿದಾಗ ಅವನು "ಹೌದಾ!" ಎಂದು ನಿಜಕ್ಕೂ ಬೆರಗಾದ.

ಮೊದಮೊದಲು ನನಗೂ ಬೆರಗೇ. ಒಬ್ಬರು ಕೆಂಡದಲ್ಲಿ ಸುಟ್ಟ ದೀವಿಹಲಸನ್ನು ಬೇಲಿಯ ಮೇಲಿಂದ ಪಕ್ಕದ ಮನೆಗೆ ದಾಟಿಸುತ್ತಿದ್ದುದನ್ನು ನೆನೆದು ಒಂದು ನಿಮಿಷ ಮಾತೇ ಆಡಲಿಲ್ಲ. ನಾನೂ ಬೆರಳು ಎತ್ತಿ ಕಾದೆ. ಆಮೇಲೆ ಹತ್ತು ಜನರನ್ನು ಕೇಳಿದೆ, ಇಪ್ಪತ್ತು ಜನರನ್ನು ಕೇಳಿದೆ. ನಿಮ್ಮಾಣೆಗೂ ಹೇಳುತ್ತೇನೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಬಾಗಿಲಿಗೆ ಬೀಗ ಹಾಕುತ್ತಲೇ ಇರಲಿಲ್ಲ. (ಒಳಗೆ ಕದಿಯುವಂಥದ್ದು ಏನಿತ್ತು ಸ್ವಾಮಿ?) ಯಾರ ಮನೆಯ ಮಗುವನ್ನು ಯಾರು ಬೇಕಾದರೂ ಬೈದು, ನಾಲ್ಕು ಬಿಗಿದು ತಿದ್ದಬಹುದಿತ್ತು. (ಆ ಮಗುವನ್ನು ಒಂದು ಮಾತು ಕೇಳಿದ್ದೀರಾ?) ಮಾವಿನಹಣ್ಣಿಗೆ ಆಗಿನ ರುಚಿ ಈಗಿಲ್ಲ. (ಆಗ ನಾಲಿಗೆಗೆ ಹತ್ತು ವರ್ಷ, ಈಗ ಎಂಬತ್ತೈದು.) ಕೊನೆಗೆ ನನ್ನ ಬ್ರಹ್ಮಾಸ್ತ್ರ: ಅಷ್ಟು ಚೆನ್ನಾಗಿದ್ದರೆ ಹಡಗು ಹತ್ತಿದ್ದೇಕೆ? ಅವರು ಉತ್ತರಿಸುವುದಿಲ್ಲ. ಧ್ವನಿಮುದ್ರಣ ಉತ್ತರಿಸುವುದಿಲ್ಲವಲ್ಲ. ಎದುರಿನವರು ಬಾಯಿ ತೆರೆಯಲಾಗದ ವಾದದಲ್ಲಿ ದಿನಕ್ಕೆ ಎಂಟು ತಾಸು ಗೆಲ್ಲುತ್ತ ಕೂರುವುದು ಎಷ್ಟು ದಣಿವಿನ ಕೆಲಸ ಎಂದು ಗೆದ್ದವರಿಗೇ ಗೊತ್ತು.

ಗೆಲ್ಲುವ ರೋಗ ನನಗೆ ಹೈಸ್ಕೂಲಿನಿಂದ ಅಂಟಿದ್ದು. ಚರ್ಚಾಸ್ಪರ್ಧೆಯ ಫಲಕಗಳು ನಮ್ಮ ಅಟ್ಟದ ಮೇಲೆ ಇವೆ. ಒಂದನ್ನು ಅಮ್ಮ ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿಕೊಂಡಿದ್ದಾಳೆ, ಅಳತೆಗೆ ಸರಿಯಾಗಿ ಕೂತಿದೆ. ಒಮ್ಮೆ ಹೊಸನಗರದಲ್ಲಿ 'ಹಳ್ಳಿಯ ಬದುಕೇ ನೆಮ್ಮದಿಯ ಬದುಕು' ಎಂಬ ವಿಷಯದ ಪರ ಮಾತಾಡಿ ಗೆದ್ದೆ. ಮರುವಾರ ತೀರ್ಥಹಳ್ಳಿಯಲ್ಲಿ ಅದೇ ವಿಷಯದ ವಿರುದ್ಧ ಮಾತಾಡಿ ಗೆದ್ದೆ. ಎರಡೂ ಕಡೆ ತೀರ್ಪುಗಾರರಾಗಿದ್ದ ಮೇಷ್ಟ್ರೊಬ್ಬರು ಬಹುಮಾನ ಕೊಡುತ್ತ, "ಮನೆಗೆ ಹೋದ ಮೇಲೆ ಯಾವ ಪಕ್ಷ, ತಂಗೀ?" ಎಂದರು. "ಕೊನೇ ಬಸ್ಸು ಯಾವ ಕಡೆ ಹೋಗುತ್ತೋ ಆ ಪಕ್ಷ, ಸಾರ್" ಎಂದೆ. ಸಭೆ ನಕ್ಕಿತು. ಅವರು ನಗಲಿಲ್ಲ ಎಂಬುದು ನನಗೆ ಈಚೆಗೆ ನೆನಪಾಗುತ್ತಿದೆ.

ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಣ್ಣ, ಒಬ್ಬ ತಂಗಿಯ ಫೈಲುಗಳು ಒಂದರ ಹಿಂದೊಂದು ಬಂದವು. ಬೇರೆ ಬೇರೆ ಕೂತು ಒಂದೇ ಮನೆಯ ಕಥೆ ಹೇಳಿದ್ದರು. ಅಣ್ಣನ ಪ್ರಕಾರ ಮಾವಿನ ಮರ ಮನೆಯ ಮುಂದೆ. ತಂಗಿಯ ಪ್ರಕಾರ ಹಿತ್ತಲಲ್ಲಿ. ಅಣ್ಣನ ಅಪ್ಪ ಮಹಾ ಕೋಪಿಷ್ಠ. ತಂಗಿಯ ಅಪ್ಪ ಒಂದು ದಿನ ದನಿಯೆತ್ತಿದವನಲ್ಲ. ನಾನು ಕೂಡಲೇ ಮೇಲಿನವರಿಗೆ ಪತ್ರ ಬರೆದೆ: ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಪುರಾವೆ ಲಗತ್ತಿಸಿದ್ದೇನೆ. ಎರಡೇ ಸಾಲಿನ ಉತ್ತರ ಬಂತು: ಹೇಳಿದ್ದನ್ನು ಟೈಪ್ ಮಾಡಿ. ತೀರ್ಪು ಬೇಡ.

ಅವಮಾನವಾಯಿತು. ಟೈಪ್ ಮಾಡಿದೆ.

ಹದಿನೇಳನೆಯ ಫೈಲು ಬಂದದ್ದು ಹೋದ ತಿಂಗಳ ಕಂತಿನಲ್ಲಿ. ಯಾವುದೋ ಪುಟ್ಟ ದ್ವೀಪದ ಅಜ್ಜಿ. ಬೀಗವಿಲ್ಲದ ಬಾಗಿಲು, ಮಾವಿನಹಣ್ಣು ಎಲ್ಲ ಮುಗಿಸಿಕೊಂಡು ಆಕೆ ತನ್ನ ಅಜ್ಜಿಯ ವಿಷಯಕ್ಕೆ ಬಂದರು. ಸಂಜೆಯಾದರೆ ಅಜ್ಜಿ ಅಂಗಳದಂಚಿಗೆ ನಿಂತು ಕಣಿವೆಯ ಆಚೆ ಆಡುತ್ತಿದ್ದ ಮೊಮ್ಮಕ್ಕಳನ್ನು ಕೂಗುತ್ತಿದ್ದರಂತೆ, ಒಬ್ಬೊಬ್ಬರಿಗೂ ಒಂದೊಂದು ಕೂಗು. ಸಂದರ್ಶಕಿ, ಒಮ್ಮೆ ಕೂಗಿ ತೋರಿಸುತ್ತೀರಾ ಎಂದಳು. ಅಜ್ಜಿ ನಾಚಿಕೊಂಡರು, ನೀರು ಕುಡಿದರು, ಆಮೇಲೆ ಕೂಗಿದರು. ಏರಿ ಹೋಗಿ, ಒಂದು ಕಡೆ ನಿಂತು, ಮತ್ತೆ ಏರುವ ಕೂಗು. ಅದಾದ ಮೇಲೆ ನಾಲ್ಕು ಸೆಕೆಂಡು ಏನೂ ಇಲ್ಲ. ಸಂದರ್ಶಕಿ ಗಂಟಲು ಸರಿಮಾಡಿಕೊಂಡು, "ತುಂಬಾ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಏನು ಮಾಡುತ್ತಿದ್ದಿರಿ?" ಎಂದಳು. ನಾನು ಕೂಗಿನ ಜಾಗದಲ್ಲಿ 'ಅಸ್ಪಷ್ಟ' ಎಂದು ಹಾಕಿ, 'ನಾಲ್ಕು ಸೆಕೆಂಡು ಮೌನ' ಎಂದು ಹಾಕಿ ಊಟಕ್ಕೆ ಹೋದೆ. ಅವರ ಊಟಕ್ಕೂ, ನನ್ನ ಊಟಕ್ಕೂ.

ಅವತ್ತು ಮಧ್ಯಾಹ್ನ ಅದನ್ನೊಂದು ತಮಾಷೆಯಾಗಿ ನಾಗತ್ತೆಗೆ ಹೇಳಿದೆ. ನಾಗತ್ತೆ ನಮ್ಮಪ್ಪನ ದೊಡ್ಡಕ್ಕ. ಎಪ್ಪತ್ತು ದಾಟಿದವಳು, ನಮ್ಮ ಜೊತೆಯೇ ಇದ್ದಾಳೆ. ಶರಾವತಿಯ ಹಿನ್ನೀರು ಏರುವ ಮೊದಲು ನಮ್ಮವರಿದ್ದ ಕಳಲೆಬೈಲು ಎಂಬ ಹತ್ತು ಮನೆಯ ಕೇರಿಯನ್ನು ಕಣ್ಣಾರೆ ನೋಡಿದವರಲ್ಲಿ ಮನೆಯಲ್ಲಿ ಉಳಿದಿರುವುದು ಅವಳೊಬ್ಬಳೇ. ಅಪ್ಪ ಹುಟ್ಟಿದ್ದು ಹೊಸನಗರದ ಕಡೆಗೆ ಬಂದ ಮೇಲೆ. ಕಳಲೆಬೈಲಿನ ಮಾತೆತ್ತಿದರೆ ಅವಳೂ ಶುರು ಮಾಡುತ್ತಾಳೆ, ಬಾಗಿಲಿಗೆ ಬೀಗವೇ ಇರಲಿಲ್ಲ ಎಂದು. ಹಾಗಾಗಿ ನಾನು ಮಾತೆತ್ತುವುದಿಲ್ಲ. ಒಮ್ಮೆ ಮಾತ್ರ ಎತ್ತಿ, "ನಾವು ಗೇಣಿಯವರು ಅತ್ತೆ. ಮುಳುಗಿದ್ದು ಒಡೆಯರ ಗದ್ದೆ. ಅಳೋದು ನೀನ್ಯಾಕೆ?" ಎಂದಿದ್ದೆ. ಚರ್ಚೆಯಲ್ಲಾದರೆ ಚಪ್ಪಾಳೆ ಬೀಳುವ ಮಾತು. ಅತ್ತೆ ನನ್ನನ್ನೊಮ್ಮೆ ನೋಡಿ ಒಳಗೆ ಹೋಗಿ ಪಾತ್ರೆ ತೊಳೆದಿದ್ದಳು.

ಈ ಕೂಗಿನ ಮಾತು ಕೇಳಿ, ಮೊರದಲ್ಲಿ ಹುರುಳಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಒಂದೊಂದು ಮಗೂಗೆ ಒಂದೊಂದು ಕೂಗಾ?"

"ಹೂಂ ಅಂತೆ. ಹೆಸರು ಹಿಡಿದು ಕರೆದ್ರೆ ಆಗ್ತಿರ್ಲಿಲ್ವಾ? ಸುಮ್ನೆ ಕಷ್ಟ."

"ಕಾಡಲ್ಲಿ ಹೆಸ್ರು ಕೂಗ್ತಾರೇನೇ ಯಾರಾದ್ರೂ? ಹೆಸ್ರು ಕೂಗಿದ್ರೆ ಕೇಳಬಾರ್ದವೆಲ್ಲ ಕೇಳಿಸ್ಕೊಂಡು ಕಲ್ತ್ಕೊಳ್ತಾವೆ."

"ಹುಲಿಗೆ ಕನ್ನಡ ಬರ್ತಿತ್ತಾ?"

"ನಿಂಗೆ ಬರೋ ಅಷ್ಟು ಬರ್ತಿತ್ತು."

ಆಮೇಲೆ ಅವಳು ಹೇಳಿದ್ದನ್ನು ನಾನು ಮೊದಲ ಬಾರಿಗೆ ಕೇಳಿಸಿಕೊಂಡೆ. ಎಷ್ಟು ಸಲ ಹೇಳಿದ್ದಳೋ. ಕಳಲೆಬೈಲಿನಲ್ಲಿ ಒಂದು ಮನೆ ಈ ದಿಬ್ಬದಲ್ಲಿದ್ದರೆ ಇನ್ನೊಂದು ಹೊಳೆಯಾಚೆಯ ದಿಬ್ಬದಲ್ಲಿ. ಮಾತು ಮುಟ್ಟುತ್ತಿರಲಿಲ್ಲ, ಕೂಗು ಮುಟ್ಟುತ್ತಿತ್ತು. ನಡೆಯಲು ಕಲಿತ ಪ್ರತಿ ಮಗುವಿಗೂ ಅದರದೇ ಒಂದು ಕೂಗು. ಆ ಕೂಗೇ ಗುರುತು: ಅದನ್ನು ಕರೆಯುವವರೂ ಅದನ್ನೇ ಕೂಗಬೇಕು, ಅದು ಇನ್ನೊಬ್ಬರನ್ನು ಕರೆದರೂ ತನ್ನದನ್ನೇ ಕೂಗಬೇಕು. ಹೆಸರು ಎಂಬುದು ದೊಡ್ಡವರಾದ ಮೇಲೆ, ಪಟ್ಟಿಯಲ್ಲಿ ಬರೆಸುವಾಗ ಬೇಕಾದರೆ ಇಡುವಂಥದ್ದು. ಅಲ್ಲಿಯವರೆಗೆ ಪುಟ್ಟಿ, ಸಣ್ಣಿ, ಕುಳ್ಳಿ, ಅತ್ತೆಯಾದರೆ ನಾಗಿ. ಕೇರಿಯಲ್ಲಿ ನಾಲ್ಕು ಜನ ಸಣ್ಣಿಯರಿದ್ದರೂ ಯಾರಿಗೂ ಗೊಂದಲವಿರಲಿಲ್ಲ. ಈ ಏರ್ಪಾಡಿಗೆ ಇದ್ದದ್ದು ಒಂದೇ ಕಾಯಿದೆ: ಕೂಗು ಕಿವಿಗೆ ಬಿತ್ತೋ, ಓಗೊಡಬೇಕು. ಯಾರು, ಯಾಕೆ ಎಂದೆಲ್ಲ ಆಮೇಲೆ. ಓಗೊಡದಿದ್ದರೆ ಆ ಕಡೆಯವರು ಇವನಿಗೇನೋ ಆಗಿದೆ ಎಂದುಕೊಳ್ಳುತ್ತಾರೆ, ಕೆಲಸ ಬಿಟ್ಟು ಹುಡುಕಲು ಹೊರಡುತ್ತಾರೆ.

ನನ್ನ ಮುತ್ತಜ್ಜ ಒಮ್ಮೆ ಗದ್ದೆ ಕಾಯಲು ಹೋದವನು ಮಧ್ಯಾಹ್ನದ ಬಿಸಿಲಿಗೆ ಮಾಳದ ಮೇಲೆ ಮಲಗಿಬಿಟ್ಟಿದ್ದನಂತೆ. ಮಾಳ ಎಂದರೆ ಗದ್ದೆ ಕಾಯುವ ಅಟ್ಟಣೆ. ಎದುರು ದಿಬ್ಬದಿಂದ ಯಾರೋ ಸುಣ್ಣ ಕೇಳಲು ಕೂಗಿದರು. ಇವನಿಗೆ ಕೇಳಿಸಿತು, ಏಳಲು ಸೋಮಾರಿತನ, ಸುಮ್ಮನಿದ್ದ. ಸ್ವಲ್ಪ ಹೊತ್ತಿಗೆ ದೊಣ್ಣೆ, ಕತ್ತಿ ಹಿಡಿದ ಹನ್ನೆರಡು ಗಂಡಸರು ಮಾಳದ ಕೆಳಗೆ. ಇವನು ಗೊರಕೆ ಹೊಡೆಯುವವನ ಹಾಗೆ ನಟಿಸಿದ. "ಅಷ್ಟೂ ಜನಕ್ಕೆ ಕೋಳಿ ಕುಯ್ದು ಊಟ ಹಾಕ್ಸಿದ್ರು ಅವನತ್ರ" ಎಂದು ಅತ್ತೆ ನಕ್ಕಳು. ನನ್ನ ಸೋಮಾರಿತನದ ಮೂಲಪುರುಷ ಸಿಕ್ಕಿದ ಸಂತೋಷದಲ್ಲಿ ನಾನೂ ನಕ್ಕೆ.

ನಗು ಮುಗಿದ ಮೇಲೆ ಅವಳು ಹುರುಳಿಯ ಕಡೆಗೆ ನೋಡುತ್ತ ಅಂದಳು, "ನಾನೂ ಒಂದ್ಸಲ ಓಗೊಡ್ಲಿಲ್ಲ."

ಹೊಳೆಯಾಚೆ ಒಬ್ಬಳು ಸಣ್ಣಿ ಇದ್ದಳು, ಅತ್ತೆಯ ಓರಗೆಯವಳು. ಇಬ್ಬರೂ ಗುರುಗುಂಜಿ ಆರಿಸಿ ಚನ್ನೆಮಣೆ ಆಡುತ್ತಿದ್ದರು. ಊರು ಬಿಡುವ ಹಿಂದಿನ ದಿನ ಆ ಕೆಂಪು ಬೀಜಗಳನ್ನು ಹಂಚಿಕೊಳ್ಳುವಾಗ ಜಗಳವಾಯಿತು. ಬೆಳಗಾಗುತ್ತಲೇ ಲಾರಿ ಬಂತು. ಭತ್ತದ ಚೀಲಗಳ ಮೇಲೆ ಇವಳನ್ನು ಕೂರಿಸಿದರು. ಅಷ್ಟರಲ್ಲಿ ಆಚೆ ದಿಬ್ಬದಿಂದ ಸಣ್ಣಿ ಕೂಗಿದಳು. ಒಂದು ಸಲ, ಎರಡು ಸಲ, ಮೂರು ಸಲ.

"ಅಬ್ಬೆ ಓಗೊಡೇ ಅಂದ್ಲು. ನಾ ಮುಖ ಊದಿಸ್ಕೊಂಡು ಕೂತಿದ್ದೆ. ನಾಳೆ ಓಗೊಟ್ರಾಯ್ತು ಅಂತ ಮಾಡಿದ್ದೆ."

ಲಾರಿ ಹತ್ತಿದವರಿಗೆ ನಾಳೆ ಬೇರೆ ಕಡೆ ಆಗುತ್ತದೆ ಎಂದು ಆ ವಯಸ್ಸಿನವಳಿಗೆ ಯಾರೂ ಹೇಳಿರಲಿಲ್ಲ. ಆಚೆ ದಡದವರನ್ನು ಯಾವ ಕಡೆಗೆ ಕಳಿಸಿದರೋ ಇವರಿಗೆ ತಿಳಿಯಲಿಲ್ಲ. ವಿಚಾರಿಸೋಣವೆಂದರೆ ಮುಳುಗಡೆಯವರ ಪಟ್ಟಿಯಲ್ಲಿ ಸಣ್ಣಿಯ ಹೆಸರು ಏನೆಂದು ಬರೆಸಿದರೋ, ಅತ್ತೆಗೆ ಗೊತ್ತಿದ್ದದ್ದು ಅವಳ ಕೂಗು ಮಾತ್ರ.

"ಬಿದ್ಲೋ, ಜ್ವರ ಬಂತೋ ಅಂತ ಹುಡುಕ್ಕೊಂಡು ಬಂದಿರ್ತಾಳೆ ಕಣೆ ಅವ್ಳು ಮನೆವರೆಗೂ" ಎಂದಳು ಅತ್ತೆ. "ಖಾಲಿ ಮನೆ ನೋಡಿರ್ತಾಳೆ."

ನಾನು ಫೋನು ತೆಗೆದೆ. ಮುಳುಗಡೆಯ ಕುಟುಂಬಗಳ ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಹೂವಿನ ಚಿತ್ರ, ಸಂಜೆ ದೇವರ ಚಿತ್ರ ಬಿಟ್ಟರೆ ಅದರಲ್ಲಿ ಏನೂ ನಡೆಯುವುದಿಲ್ಲ. ಅದರಲ್ಲಿ ಬರೆದೆ: ಚಿಕ್ಕಂದಿನಲ್ಲಿ ಸಣ್ಣಿ ಎಂದು ಕರೆಯುತ್ತಿದ್ದ, ಈಗ ಎಪ್ಪತ್ತು ದಾಟಿದ, ಕೂಗಿ ಕರೆಯುತ್ತಿದ್ದ ಹೊಳೆದಂಡೆಯ ಕೇರಿಯಿಂದ ಬಂದವರು ಯಾರಾದರೂ ಇದ್ದಾರೆಯೇ? ಎಂಟು ದಿನದ ಮೇಲೆ ಸುಮಾ ಎಂಬ ಶಾಲಾ ಶಿಕ್ಷಕಿಯ ಉತ್ತರ ಬಂತು. ತೀರ್ಥಹಳ್ಳಿ ಕಡೆ, ಕವಲೇದುರ್ಗದ ಕೋಟೆಯ ಕೆಳಗೆ ಮನೆ. 'ನಮ್ಮ ಅತ್ತೆ ಸಣ್ಣಮ್ಮ. ಹಿನ್ನೀರಿನ ಕಡೆಯವರು. ಕೂಗಿನ ವಿಷಯ ದಿನಾ ಹೇಳ್ತಾರೆ. ಬನ್ನಿ.'

ಹೋದ ಭಾನುವಾರ ಹೋದೆವು. ನಾನು ಸುಮ್ಮನೆ ಹೋಗುವವಳಲ್ಲ. ಹಿಂದಿನ ದಿನ ಅತ್ತೆಯನ್ನು ಕೂರಿಸಿ ಸಣ್ಣಿಯ ಕೂಗನ್ನು ಕೂಗಿಸಿ ಫೋನಿನಲ್ಲಿ ಹಿಡಿದುಕೊಂಡಿದ್ದೆ, ಹೋಲಿಸಲು ಬೇಕಲ್ಲ. ಗಿಡ್ಡ ಕೂಗು, ಕೊನೆಯಲ್ಲಿ ಕೋಳಿಮರಿಯ ದನಿಯ ಹಾಗೆ ಒಡೆಯುತ್ತಿತ್ತು. ಎದುರು ಮನೆಯವರು ಕಿಟಕಿ ತೆರೆದು ನೋಡಿ ಮುಚ್ಚಿಕೊಂಡರು. ಹೊಸನಗರದಲ್ಲಿ ಬಸ್ಸು ಬದಲಿಸಿ, ಕೋಟೆಯ ತಿರುವಿನಲ್ಲಿ ಇಳಿದು, ಆಟೋ ಹಿಡಿದು ಆ ಮನೆ ಮುಟ್ಟಿದೆವು. ದಾರಿಯುದ್ದಕ್ಕೂ ಅತ್ತೆಯ ಕಂಕುಳಲ್ಲಿ ಒಂದು ಪುಟ್ಟ ಡಬ್ಬಿ. ಒಳಗೇನೆಂದು ಕೇಳಿದರೆ ಇನ್ನೊಂದು ಕಂಕುಳಿಗೆ ದಾಟಿಸಿದಳು. ಅಲುಗಾಡಿದಾಗ ಗುರುಗುಂಜಿಯ ಸದ್ದು ಬರುತ್ತಿತ್ತು.

ಸಣ್ಣಮ್ಮ ಅತ್ತೆಗಿಂತ ಗಟ್ಟಿ ಹೆಂಗಸು, ಕಟ್ಟೆಯ ಮೇಲೆ ಕೂತು ನಮ್ಮನ್ನೇ ಕಾಯುತ್ತಿದ್ದರು. ಸುಮಾ ಬೆಲ್ಲ, ನೀರು ತಂದಿಟ್ಟಳು. ಇಬ್ಬರು ಮುದುಕಿಯರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅರವತ್ತು ವರ್ಷದ ಹಿಂದಿನ ಹುಡುಗಿಯನ್ನು ಈ ಮುಖದಲ್ಲಿ ಎಲ್ಲಿ ಹುಡುಕುವುದು? ಅಷ್ಟರಲ್ಲಿ ಮೇಲೆ ಕೋಟೆಯಿಂದ, ನೋಡಲು ಬಂದ ಪ್ರವಾಸಿಗರು ಯಾರೋ 'ಹೋ' ಎಂದು ಕಿರುಚಿದರು, ಗುಡ್ಡ ಅದನ್ನು ತಿರುಗಿಸಿ ಕೊಟ್ಟಿತು.

"ದಿನಾ ಇದೇ" ಎಂದರು ಸಣ್ಣಮ್ಮ. "ಮೊದ್ಲೆಲ್ಲ ನಾ ಇಲ್ಲಿಂದ ಓಗೊಡ್ತಿದ್ದೆ. ಇವ್ಳು ಬೈತಾಳೆ."

"ಮತ್ತೇನಮ್ಮಾ? ಅವರು ಗುಡ್ಡಕ್ಕೆ ಕೂಗೋದು, ನಿಮಗಲ್ಲ" ಎಂದಳು ಸುಮಾ.

"ಅದು ಅವ್ರಿಗೆ ಬಿಟ್ಟದ್ದು. ನಂಗೆ ಕೇಳಿಸ್ತಲ್ಲ."

ಅತ್ತೆ ಮುಗುಳ್ನಕ್ಕಳು. ಕಾರ್ಯ ಕೆಡುವ ಲಕ್ಷಣ ಎಂದು ನನಗನ್ನಿಸಿತು. ಪುರಾವೆಗೆ ಮೊದಲೇ ಒಲವು ಹುಟ್ಟಬಾರದು. ನಾನು ಪ್ರಶ್ನೆ ಶುರುಮಾಡಿದೆ.

"ನಿಮ್ಮೂರಲ್ಲಿ ಹೊಳೆ ಯಾವ ಕಡೆಗಿತ್ತು?"

"ಹೊತ್ತು ಹುಟ್ಟೋ ಕಡೆ. ನೀರೊಳಗಿಂದಲೇ ಏಳ್ತಿದ್ದ ಸೂರ್ಯ."

ಅತ್ತೆಯ ಸೂರ್ಯ ಹೊಳೆ ದಾಟಿ ಮುಳುಗುತ್ತಿದ್ದ. ಆಚೆ ದಡದಿಂದ ನೋಡಿದರೆ ಹೊಳೆ ಪೂರ್ವಕ್ಕೇ ಬರಬೇಕಲ್ಲ ಎಂದುಕೊಂಡು ಇದನ್ನು ಬಿಟ್ಟೆ. ನ್ಯಾಯ ನ್ಯಾಯವೇ.

"ಕೇರಿಯಲ್ಲಿ ಎಷ್ಟು ಮನೆ?"

"ಮೂವತ್ತರ ಮೇಲಿತ್ತು. ಅಂಗಡಿ ಇತ್ತು."

ಕಳಲೆಬೈಲಿನಲ್ಲಿ ಹತ್ತು ಮನೆ, ಅಂಗಡಿಯಿಲ್ಲ. ತಾಳೆಯಾಗದ್ದು ಒಂದು.

"ಕಳಲೆಬೈಲು ಅಂತ ಕೇಳಿದೀರಾ?"

"ಕೇಳಿದ ಹಂಗಿದೆ. ಕೆಳಗಾಯ್ತೇನೋ ಅದು, ನಮ್ಮಿಂದ ಒಂದು ದಿನದ ದಾರಿ."

ಎರಡು. ಇನ್ನು ಪುರಾವೆ ಏಕೆ ಬೇಕು? ಆದರೂ ಕೇಳಿದೆ, "ನಾಗಿ ಅಂತ ಗೆಳತಿ ಇದ್ರಾ ನಿಮಗೆ?"

ಸಣ್ಣಮ್ಮ ಅತ್ತೆಯ ಕಡೆ ತಿರುಗಿದರು. ತುಂಬ ಹೊತ್ತು ನೋಡಿದರು. "ನಾಗಿಯೂ ಇದ್ದಿರ್ಬೇಕು. ಎಷ್ಟು ಮಕ್ಳು ಇದ್ವು ಅಲ್ಲಿ. ನನ್ನ ಜೊತೆಯೋಳು ಪಾರಿ ಅಂತ." ಆಮೇಲೆ ನನ್ನ ಕಡೆ ನೋಡಿ ಅತ್ತೆಗೆ ಹೇಳಿದರು, "ಎಂತ, ಪೊಲೀಸಿಗೆ ಸೇರಿದ್ಯಾ ಇದು?"

"ಇಲ್ಲ, ಭಾಷಣ ಮಾಡ್ತಿತ್ತು" ಎಂದಳು ಅತ್ತೆ. ರೋಗದ ಹೆಸರು ಹೇಳಿದ ಹಾಗೆ ಹೇಳಿದಳು.

"ಪಾರಿ ಎಂತ ಆದ್ಲು?" ಎಂದು ಈಗ ಅತ್ತೆಯೇ ಕೇಳಿದಳು.

"ಎಂತ ಆದ್ಲೋ. ನಮ್ದು ಗಾಡಿ ಹೊರಟ್ತು. ನಾ ಕೂಗ್ದೆ. ಗಾಡಿ ತಿರುವು ದಾಟೋವರೆಗೂ ಕೂಗ್ದೆ. ಓಗೊಡ್ಲೇ ಇಲ್ಲ ಅವ್ಳು." ಸಣ್ಣಮ್ಮ ಕಟ್ಟೆಯ ಮೇಲಿನ ಬೆಲ್ಲದ ಚೂರನ್ನು ಬೆರಳಿನಿಂದ ಒತ್ತಿ ಎತ್ತಿದರು. "ಜ್ವರ ಬಂದಿತ್ತೇನೋ ಪಾಪ. ಜ್ವರವೇ ಇರ್ಬೇಕು. ಇಲ್ದಿದ್ರೆ ಓಗೊಡ್ದೆ ಇರೋಳಲ್ಲ ನಮ್ ಪಾರಿ."

ಅರವತ್ತು ವರ್ಷ ಆ ಜ್ವರವನ್ನು ಅವರು ಕಾದಿಟ್ಟುಕೊಂಡು ಬಂದಿದ್ದರು.

"ಜ್ವರ ಅಲ್ಲ ಕಣೆ" ಎಂದಳು ಅತ್ತೆ ಮೆಲ್ಲಗೆ. "ಸಿಟ್ಟು ಮಾಡ್ಕೊಂಡಿದ್ಲು. ಸಣ್ಣ ಮಗು. ನಾಳೆ ಓಗೊಟ್ರಾಯ್ತು ಅಂತ ಮಾಡಿದ್ಲು."

ನನ್ನ ನಾಲಿಗೆತುದಿಯಲ್ಲಿ ಎಲ್ಲ ಸಿದ್ಧವಿತ್ತು. ಮನೆಗಳ ಸಂಖ್ಯೆ, ಒಂದು ದಿನದ ದಾರಿ, ಲಾರಿಯ ಬದಲು ಗಾಡಿ, ನಾಗಿಯ ಬದಲು ಪಾರಿ. ನಾಲ್ಕು ಅಂಶ, ಎರಡು ನಿಮಿಷ, ಗಂಟೆ ಬಾರಿಸುವ ಮೊದಲೇ ಮುಗಿಸಬಹುದಿತ್ತು. ತೀರ್ಪು ಬೇಡ ಎಂಬ ಎರಡು ಸಾಲಿನ ಪತ್ರ ನೆನಪಾಯಿತು. ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಿದೆ. ಅದು ದೊಡ್ಡ ತುಂಡು. ಕರಗಲು ಹೊತ್ತು ಹಿಡಿಯಿತು, ಒಳ್ಳೆಯದಾಯಿತು.

"ಕೂಗೇ ಒಂದ್ಸಲ" ಎಂದಳು ಅತ್ತೆ.

ಸಣ್ಣಮ್ಮ ಸೊಸೆಯ ಮುಖ ನೋಡಿದರು. ಸುಮಾ, "ಕೂಗಿ ಅಮ್ಮ, ಇವತ್ತು ಬೈಯಲ್ಲ" ಎಂದಳು. ಅವರು ಎದ್ದು, ಸೆರಗು ಬಿಗಿದು, ಹಿತ್ತಲಿನ ಬೇಲಿಯವರೆಗೆ ನಡೆದರು. ಅತ್ತೆ ಇನ್ನೊಂದು ಕಡೆಗೆ, ಅಂಗಳ ದಾಟಿ ಗೇಟಿನ ಹೊರಗೆ, ರಸ್ತೆಯ ಆಚೆಗೆ ಹೋಗಿ ನಿಂತಳು. ಹಾಗೆ ದೂರ ಹೋಗಬೇಕು ಎಂದು ಇಬ್ಬರಿಗೂ ಯಾರೂ ಹೇಳಬೇಕಾಗಲಿಲ್ಲ.

ಸಣ್ಣಮ್ಮ ಕೂಗಿದರು. ಉದ್ದನೆಯ, ಎಲ್ಲೂ ಒಡೆಯದ, ನೇರ ಕೂಗು. ನನ್ನ ಫೋನಿನಲ್ಲಿದ್ದ ಕೋಳಿಮರಿಯ ಕೂಗಿಗೂ ಇದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಗುಡ್ಡ ಅದನ್ನೊಮ್ಮೆ ಹಿಂದಿರುಗಿಸಿತು. ಆಮೇಲೆ ಸದ್ದಿಲ್ಲ. ಬೇಲಿ ಹಿಡಿದು ನಿಂತ ಸಣ್ಣಮ್ಮನ ಬೆನ್ನು ನನಗೆ ಕಾಣುತ್ತಿತ್ತು, ರಸ್ತೆಯಾಚೆ ನಿಂತ ಅತ್ತೆಯ ಮುಖ ಕಾಣುತ್ತಿತ್ತು. ಅತ್ತೆಗೆ ತಿಳಿಯಿತು. ಅವಳ ಮುಖದಲ್ಲಿ ಏನೋ ಕಂತಿದ್ದನ್ನು ನಾನು ನೋಡಿದೆ.

ಮರುಕ್ಷಣ ಅವಳು ಎರಡೂ ಕೈ ಬಾಯಿಗಿಟ್ಟುಕೊಂಡು ಓಗೊಟ್ಟಳು.

ಸಣ್ಣಮ್ಮ ತಿರುಗಲಿಲ್ಲ. ಬೇಲಿ ಹಿಡಿದುಕೊಂಡೇ ತಲೆಯಾಡಿಸಿದರು, ಆಯ್ತು, ಕೇಳಿಸಿತು ಎನ್ನುವ ಹಾಗೆ. ಮೇಲೆ ಕೋಟೆಯ ಪ್ರವಾಸಿಗರು ಇದೇನೋ ತಮಗೇ ಎಂದುಕೊಂಡು ಮತ್ತೊಮ್ಮೆ 'ಹೋ' ಎಂದರು. ಇಬ್ಬರು ಮುದುಕಿಯರೂ ಅದಕ್ಕೂ ಒಟ್ಟಿಗೆ ಓಗೊಟ್ಟು, ಆಮೇಲೆ ಬಿದ್ದು ಬಿದ್ದು ನಕ್ಕರು.

ಊಟವಾಯಿತು. ಹೊರಡುವಾಗ ಅತ್ತೆ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಸಣ್ಣಮ್ಮ ತೆಗೆದು ನೋಡಿ, "ಅಯ್ಯ, ಗುರುಗುಂಜಿ! ಮೊಮ್ಮಗಳಿಗೆ ಆಯ್ತು" ಎಂದರು. ಗುರುಗುಂಜಿಯ ಬಗ್ಗೆ ಅವರಿಗೆ ಬೇರೇನೂ ನೆನಪಾಗಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅತ್ತೆ ಹೊಸನಗರ ದಾಟಿದ ಮೇಲೆ ಬಾಯಿ ಬಿಟ್ಟಳು.

"ಅವಳಲ್ಲ."

"ಗೊತ್ತಾಯ್ತು."

"ಅವ್ಳಿಗೂ ಗೊತ್ತಾಗಿದೆ."

"ಮತ್ತೆ ಓಗೊಟ್ಟೆಯಲ್ಲ ಅತ್ತೆ?"

"ಪಾರಿ ಬರ್ಲಿಲ್ವಲ್ಲೇ."

ಇದು ತರ್ಕದ ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ. ಅಭ್ಯಾಸಬಲದಿಂದ ಒಂದು ಪ್ರಶ್ನೆ ಮತ್ತೂ ಹಾಕಿದೆ. ಹಾಕಬಾರದಿತ್ತು.

"ಹಂಗಾದ್ರೆ ನಿನ್ನ ಸಣ್ಣಿಗೆ ಯಾರು ಓಗೊಟ್ರು?"

ಅತ್ತೆ ಹೊರಗೆ ನೋಡಿದಳು. ಅನಂತಪುರ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಸಾಗರದವರೆಗೂ ನಾನು ಕತ್ತು ಅಲ್ಲಾಡಿಸಲಿಲ್ಲ. ಈಗ ಹೆಡ್‌ಫೋನಿಗಾಗಿ ಕತ್ತು ನೆಟ್ಟಗಿಟ್ಟು ಕೂರುವ ಅಭ್ಯಾಸ ಅಲ್ಲೇ ಶುರುವಾಯಿತೆಂದು ಕಾಣುತ್ತದೆ.

ಇವತ್ತು ಬೆಳಿಗ್ಗೆ ಹದಿನೇಳನೆಯ ಫೈಲು ಮರುಪರಿಶೀಲನೆಗೆ ವಾಪಸ್ಸು ಬಂದಿದೆ. 'ಇಲ್ಲಿ ಅಸ್ಪಷ್ಟ ಎಂದು ಹಾಕಿದ್ದೀರಿ. ಇನ್ನೊಮ್ಮೆ ಕೇಳಿ ನೋಡಿ.' ಕೇಳಲು ಎಡಗಿವಿಗೆ ನಿಘಂಟು ಹೇರಿದೆ, ಅದೂ ಕೊನೆಯುಸಿರೆಳೆಯಿತು. ತಂತಿ ಕಿತ್ತು ಬಿಸಾಕಿ ಲ್ಯಾಪ್‌ಟಾಪಿನ ಸ್ಪೀಕರಿನಲ್ಲೇ ಹಾಕಿದೆ, ದನಿ ಪೂರ್ತಿ ಏರಿಸಿ. ಅಜ್ಜಿ ನಾಚಿಕೊಂಡರು, ನೀರು ಕುಡಿದರು, ಕೂಗಿದರು. ಏರಿ ಹೋಗಿ, ನಿಂತು, ಮತ್ತೆ ಏರುವ ಕೂಗು. ಆಮೇಲೆ ನನ್ನ ನಾಲ್ಕು ಸೆಕೆಂಡು ಮೌನ.

ಎರಡನೆಯ ಸೆಕೆಂಡಿಗೆ ಹೊರಗಿನ ಜಗಲಿಯಿಂದ ನಾಗತ್ತೆ ಓಗೊಟ್ಟಳು. ಮೊರ ಕೆಳಗೆ ಬಿದ್ದ ಸದ್ದಾಯಿತು. ಸ್ಪೀಕರಿನಲ್ಲಿ ಸಂದರ್ಶಕಿ ಗಂಟಲು ಸರಿಮಾಡಿಕೊಂಡು ಊಟದ ವಿಷಯ ಕೇಳುತ್ತಿದ್ದಳು. ನಾನು ಅದನ್ನು ನಿಲ್ಲಿಸಿದೆ. ಅತ್ತೆ ಕೈಯಲ್ಲಿ ನಾಲ್ಕು ಕಾಳು ಹುರುಳಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಯಾರೇ ಅದು ಕೂಗಿದ್ದು?"

"ಇಲ್ಲಿಯವ್ರಲ್ಲ ಅತ್ತೆ. ತುಂಬ ದೂರದವ್ರು."

"ಎಂತ ದೂರ?" ಎಂದಳು ಅತ್ತೆ. "ಕೇಳಿಸ್ತಲ್ಲ."